ಕ್ರಿಸ್‌ಮಸ್ ಗಿಡಕ್ಕೆ ಒಂದೇ ಸುಳಿ

ಅಂಗಳದ ಅರಾಕೇರಿಯಾ ಕುರಿತು ಕೈತೋಟದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಕುಂಡ ಇಟ್ಟಿದೆ, ಹಿಂದೆ ಕೂತವರಿಗೂ ಕಾಣುತ್ತಿರಬೇಕು. ಎಡಗಡೆಯದು ದಾಸವಾಳ. ಬಲಗಡೆಯದು ಡಿಸೆಂಬರ್ ಬಂತೆಂದರೆ ನರ್ಸರಿಗಳ ಮುಂದೆ ಸಾಲುಗಟ್ಟಿ ನಿಲ್ಲುವ ಗಿಡ. 'ಕ್ರಿಸ್‌ಮಸ್ ಟ್ರೀ ಕೊಡಿ' ಅಂದರೂ ಅದನ್ನೇ ಕೊಡುತ್ತಾರೆ, 'ಪೈನ್ ಕೊಡಿ' ಅಂದರೂ ಅದನ್ನೇ ಕೊಡುತ್ತಾರೆ. ದಾಸವಾಳದ ತಲೆಯನ್ನು ಈಗಲೇ ಕತ್ತರಿಸಿದರೂ ತಿಂಗಳೊಪ್ಪತ್ತಿನಲ್ಲಿ ನಾಲ್ಕು ಕಡೆ ಚಿಗುರಿ ಮೊದಲಿಗಿಂತ ದಟ್ಟವಾಗುತ್ತದೆ. ನೀರು ಹಾಕಲು ಮರೆತರೆ ಎಲೆ ಉದುರಿಸಿ, ನೀರು ಕಂಡ ಮೇಲೆ ಮತ್ತೆ ಎಲೆ ಬಿಡುತ್ತದೆ. ನಮ್ಮ ಕೈತೋಟದ ಅಭ್ಯಾಸವೆಲ್ಲ ಇಂಥ ಕ್ಷಮಿಸುವ ಗಿಡಗಳಿಂದ ಬಂದದ್ದು. ಬಲಗಡೆಯ ಗಿಡ ಕ್ಷಮಿಸುವ ಜಾತಿಯದಲ್ಲ. ಕೆಳಗಿನ ಒಂದು ರೆಂಬೆ ಒಣಗಿತೋ, ಆ ಜಾಗ ಬೋಳಾಗಿಯೇ ಉಳಿಯುತ್ತದೆ. ಸುಳಿ ಮುರಿಯಿತೋ, ಗೋಪುರದಂಥ ಆ ರೂಪ ಹೋಯಿತು. ಹಾಗಾಗಿ ಇದರ ಆರೈಕೆಯ ಮುಕ್ಕಾಲು ಪಾಲು ಕೊಳ್ಳುವ ದಿನ ಮತ್ತು ನೆಡುವ ದಿನವೇ ತೀರ್ಮಾನವಾಗಿಬಿಡುತ್ತದೆ. ಇವತ್ತು ಹೆಚ್ಚು ಹೊತ್ತು ಮಾತಾಡುವುದೂ ಆ ಎರಡು ದಿನಗಳ ಬಗ್ಗೆಯೇ.

ಮೊದಲು ಹೆಸರಿನ ಗೊಂದಲ ತೀರಿಸೋಣ. ಇದು ಪೈನ್ ಅಲ್ಲ. ನಿಜವಾದ ಪೈನ್ ಮರದ ಎಲೆ ಸೂಜಿಯ ಹಾಗಿದ್ದು, ಬುಡದಲ್ಲಿ ಕಟ್ಟು ಕಟ್ಟಿದಂತೆ ಒಟ್ಟಿಗೆ ಹುಟ್ಟುತ್ತದೆ. ಹಿಮಾಲಯದ ತಪ್ಪಲಿನ ಚೀರ್ ಪೈನ್‌ನಲ್ಲಿ ಒಂದು ಕಟ್ಟಿಗೆ ಮೂರು ಸೂಜಿ. ಈ ಗಿಡದ ಎಲೆ ಒಂದೊಂದೇ, ಸಣ್ಣದಾಗಿ ಕೊಕ್ಕೆಯ ಹಾಗೆ ಬಾಗಿ, ಕಡ್ಡಿಯ ಸುತ್ತ ಹಗ್ಗ ಹೊಸೆದಂತೆ ಕೂತಿದೆ. ಇದು ಅರಾಕೇರಿಯಾ ಎಂಬ ಬೇರೆಯೇ ಕುಟುಂಬದ ಮರ. ಹೆಸರು ಬಿಡಿ, ಗುಣ ತಿಳಿದರೆ ಸಾಕು ಎನ್ನಬಹುದು. ಆದರೆ ಹೆಸರು ತಪ್ಪಿದರೆ ದುಡ್ಡೂ ತಪ್ಪುತ್ತದೆ. ಪೈನ್ ಮರಗಳಿಗೆಂದು ಮಾರುವ ಬೇರು ಶಿಲೀಂಧ್ರದ ಪುಡಿ ಇದಕ್ಕೆ ಏನೂ ಮಾಡುವುದಿಲ್ಲ, ಏಕೆಂದರೆ ಪೈನ್ ಬೇರಿನ ಹೊರಗೆ ಕವಚ ಕಟ್ಟುವ ಶಿಲೀಂಧ್ರ ಬೇರೆ, ಅರಾಕೇರಿಯಾ ಬೇರಿನೊಳಗೆ ಸೇರಿ ಬಾಳುವ ಶಿಲೀಂಧ್ರ ಬೇರೆ. ಇದಕ್ಕೆ ಬೇಕಾದದ್ದು ನಮ್ಮ ರೈತರಿಗೆ ಗೊತ್ತಿರುವ 'ವ್ಯಾಮ್', ಅಂದರೆ ಬೇರಿನೊಳಗೆ ಬಾಳುವ ಆ ಶಿಲೀಂಧ್ರದ ಪುಡಿ. ನೆಡುವಾಗ ಬೇರಿಗೆ ತಾಗುವಂತೆ ಒಂದು ಹಿಡಿ ಹಾಕಿದರೆ ಆಯಿತು.

ಮಾರುಕಟ್ಟೆಯಲ್ಲಿ ಒಂದೇ ಹೆಸರಿನಲ್ಲಿ ಎರಡು ಮರಗಳು ಸಿಗುತ್ತವೆ. ಒಂದು ನಾರ್ಫೋಕ್ ದ್ವೀಪದ ಅರಾಕೇರಿಯಾ ಹೆಟೆರೋಫಿಲ್ಲಾ, ಇನ್ನೊಂದು ನ್ಯೂ ಕ್ಯಾಲಿಡೋನಿಯಾದ ಅರಾಕೇರಿಯಾ ಕಾಲಮ್ನಾರಿಸ್, ಅಂದರೆ ಕುಕ್ ಪೈನ್. ಎರಡೂ ಆಸ್ಟ್ರೇಲಿಯಾದ ಪೂರ್ವದ ಕಡಲಿನವು. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ 1774ರ ಸೆಪ್ಟೆಂಬರ್‌ನಲ್ಲಿ ನ್ಯೂ ಕ್ಯಾಲಿಡೋನಿಯಾದ ಕರಾವಳಿಯಲ್ಲಿ ಸಾಗುವಾಗ ದೂರದಲ್ಲಿ ಕಂಬಗಳ ಸಾಲು ಕಂಡಿತು. ಹಡಗಿನಲ್ಲಿದ್ದ ವಿಜ್ಞಾನಿಗಳು ಅವು ಕಲ್ಲಿನ ಕಂಬಗಳೆಂದು ವಾದಿಸಿದರು, ಕುಕ್ ಮಾತ್ರ ಮರಗಳೇ ಎಂದು ಪಟ್ಟು ಹಿಡಿದ. ಅವನೇ ಗೆದ್ದ. ಮುಂದಿನ ತಿಂಗಳು ನಾರ್ಫೋಕ್ ದ್ವೀಪದಲ್ಲಿ ಇನ್ನೊಂದು ಜಾತಿ ಸಿಕ್ಕಿತು. ಹಡಗಿನ ಪಟಸ್ತಂಭಕ್ಕೆ ಹೇಳಿ ಮಾಡಿಸಿದ ಮರವೆಂದು ಬ್ರಿಟಿಷರು ಆಸೆಪಟ್ಟರು, ಆದರೆ ಅದರ ಕಟ್ಟಿಗೆಗೆ ಪಟಸ್ತಂಭಕ್ಕೆ ಬೇಕಾದಷ್ಟು ಗಟ್ಟಿತನವಿರಲಿಲ್ಲ. ಕೊನೆಗೆ ಅದು ಲೋಕದ ತೋಟಗಳಿಗೆ ಅಲಂಕಾರದ ಮರವಾಗಿ ಹೊರಟಿತು. ನಮ್ಮ ಲಾಲ್‌ಬಾಗ್‌ನಲ್ಲಿ ತಲೆಯೆತ್ತಿ ನೋಡಬೇಕಾದ ಅರಾಕೇರಿಯಾಗಳಿವೆ. ಗಿಡ ಕೊಳ್ಳುವ ಮೊದಲು ಒಮ್ಮೆ ಅವುಗಳ ಬುಡದಲ್ಲಿ ನಿಂತು ಮೇಲೆ ನೋಡಿ ಬನ್ನಿ. ಎಂಟಿಂಚಿನ ಕುಂಡದಲ್ಲಿರುವುದು ಅದೇ.

ಎಳೆಯದರಲ್ಲಿ ಎರಡನ್ನೂ ಬೇರೆ ಮಾಡುವುದು ಪಳಗಿದವರಿಗೂ ಕಷ್ಟ. ಬೆಳೆದ ಮೇಲೆ ಸುಲಭ. ನಾರ್ಫೋಕ್ ಮರ ಅಗಲವಾದ ಗೋಪುರ, ಅಂತಸ್ತುಗಳ ನಡುವೆ ಆಕಾಶ ಕಾಣುತ್ತದೆ. ಕುಕ್ ಪೈನ್ ಕಂಬ. ಅದರ ಹಳೆಯ ರೆಂಬೆಗಳು ಉದುರಿ, ಕಾಂಡದಿಂದ ಮೋಟು ರೆಂಬೆಗಳು ಹೊಸದಾಗಿ ಹುಟ್ಟುವುದರಿಂದ ಹಾಗೆ ಕಾಣುತ್ತದೆ. ತೊಗಟೆ ಕಾಗದದಂಥ ಪಟ್ಟಿಗಳಾಗಿ ಸುಲಿಯುತ್ತದೆ. ಇನ್ನೊಂದು ಗುರುತು ವಿಚಿತ್ರವಾದದ್ದು. ಕುಕ್ ಪೈನ್ ಸಮಭಾಜಕದ ಕಡೆಗೆ ವಾಲುತ್ತದೆ. ಐದು ಖಂಡಗಳ 256 ಮರಗಳನ್ನು ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು: ಸರಾಸರಿ ವಾಲಿಕೆ 8.55 ಡಿಗ್ರಿ, ಅಂದರೆ ಪೀಸಾ ಗೋಪುರದ ಎರಡು ಪಟ್ಟು. ಉತ್ತರಾರ್ಧ ಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧ ಗೋಳದಲ್ಲಿ ಉತ್ತರಕ್ಕೆ. ಸಮಭಾಜಕದಿಂದ ದೂರ ಹೋದಷ್ಟೂ ವಾಲಿಕೆ ಹೆಚ್ಚು, ಆದ್ದರಿಂದ ನಮ್ಮಲ್ಲಿ ಅಷ್ಟಿರುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತೇವಲ್ಲ, ಈ ಮರ ಆ ಗಾದೆ ಕೇಳಿದಂತಿಲ್ಲ.

ಸುಳಿ ಮತ್ತು ಅಂತಸ್ತು

ಈಗ ಈ ಗಿಡವನ್ನು ಹತ್ತಿರದಿಂದ ನೋಡಿ. ನಡುವೆ ಒಂದೇ ಕಾಂಡ, ತುದಿಯಲ್ಲಿ ಒಂದೇ ಸುಳಿ. ತೆಂಗು ಅಡಿಕೆಯವರಿಗೆ ಸುಳಿ ಅಂದರೆ ಬೇರೆ ವಿವರಿಸಬೇಕಿಲ್ಲ. ಈ ಸುಳಿ ಸ್ವಲ್ಪ ಏರುತ್ತದೆ, ನಿಲ್ಲುತ್ತದೆ, ಸುತ್ತಲೂ ನಾಲ್ಕರಿಂದ ಏಳು ರೆಂಬೆ ಒಂದೇ ಮಟ್ಟದಲ್ಲಿ ಚಾಚುತ್ತದೆ, ಮತ್ತೆ ಏರುತ್ತದೆ. ಹೀಗೆ ಒಂದರ ಮೇಲೊಂದು ಅಂತಸ್ತು. ರೆಂಬೆ ಅಡ್ಡಕ್ಕೆ ಬೆಳೆಯಲೆಂದೇ ಹುಟ್ಟಿದ್ದು, ಕಾಂಡ ನೇರಕ್ಕೆ ಬೆಳೆಯಲೆಂದೇ ಹುಟ್ಟಿದ್ದು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಅಡ್ಡರೆಂಬೆಯ ತುದಿ ಕತ್ತರಿಸಿ ನೆಟ್ಟರೆ ಬೇರು ಬರಬಹುದು, ಆದರೆ ಅದು ಮರವಾಗುವುದಿಲ್ಲ. ಬದುಕಿರುವಷ್ಟು ಕಾಲ ನೆಲಕ್ಕೆ ಒರಗಿಕೊಂಡೇ ಅಡ್ಡಡ್ಡ ಹೋಗುತ್ತದೆ. ಮಲೆನಾಡಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಾಳುಮೆಣಸಿನ ಅಡ್ಡರೆಂಬೆ ನೆಟ್ಟರೆ ಬಳ್ಳಿ ಹತ್ತುವುದೇ ಇಲ್ಲ, ಪೊದೆ ಮೆಣಸಾಗುತ್ತದೆ. ಅದೇ ಲೆಕ್ಕ. ಮೆಣಸಿನಲ್ಲಿ ಅದು ಉಪಕಾರ, ಇಲ್ಲಿ ಅಪಕಾರ.

ಆದ್ದರಿಂದ 'ನಮ್ಮ ಮರದ ರೆಂಬೆ ಕಡ್ಡಿ ಕೊಡುತ್ತೇವೆ, ನೆಟ್ಟುಕೊಳ್ಳಿ' ಎಂದು ಯಾರಾದರೂ ಪ್ರೀತಿಯಿಂದ ಹೇಳಿದರೆ ಪ್ರೀತಿಯನ್ನು ಮಾತ್ರ ತೆಗೆದುಕೊಳ್ಳಿ. ಬೀಜದ ಸಸಿಯೇ ಸರಿ. ಬೀಜವನ್ನೂ ಬೇಗ ಬಿತ್ತಬೇಕು, ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಕೊಳ್ಳುವ ದಿನ

ನರ್ಸರಿಯಲ್ಲಿ ದಟ್ಟವಾಗಿ ಕಾಣುವ ಗಿಡಕ್ಕೆ ಕೈ ಹಾಕುವ ಮೊದಲು ರೆಂಬೆ ಸರಿಸಿ ಬುಡ ನೋಡಿ. ಎಷ್ಟೋ ಸಲ ಅದು ಒಂದು ಗಿಡವಲ್ಲ, ಒಂದೇ ಕುಂಡದಲ್ಲಿ ಮೂರರಿಂದ ಐದು ಸಸಿ ಒತ್ತೊತ್ತಾಗಿ ನೆಟ್ಟಿರುತ್ತಾರೆ. ಹಬ್ಬದ ಹದಿನೈದು ದಿನಕ್ಕೆ ಚಂದ. ಎರಡು ವರ್ಷದಲ್ಲಿ ಒಂದರ ನೆರಳು ಒಂದಕ್ಕೆ ಬಿದ್ದು ಒಳಗಡೆಯ ರೆಂಬೆಗಳೆಲ್ಲ ಒಣಗಿ, ಹೊರಮುಖಕ್ಕೆ ಮಾತ್ರ ಹಸಿರಿರುವ ಮೂರು ಅರ್ಧ ಗಿಡಗಳು ಉಳಿಯುತ್ತವೆ. ಅಂಥದ್ದನ್ನು ಈಗಾಗಲೇ ತಂದಿದ್ದರೆ ಒಂದು ಅಡಿಯೊಳಗಿನ ಸಸಿಗಳನ್ನು ಬಿಡಿಸಬಹುದು. ಮಣ್ಣಿನ ಗಡ್ಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮಣ್ಣು ಕರಗಿದ ಮೇಲೆ ಬೇರು ಎಳೆಯದೆ ಅಲ್ಲಾಡಿಸಿ ಬೇರ್ಪಡಿಸಬೇಕು. ಕಾಂಡ ಪೆನ್ಸಿಲ್ ದಪ್ಪ ದಾಟಿದ್ದರೆ ಬೇರುಗಳು ಹೆಣೆದುಕೊಂಡಿರುತ್ತವೆ, ಬಿಡಿಸಲು ಹೋದರೆ ಎಲ್ಲವೂ ಸಾಯುತ್ತವೆ. ಆಗ ನೇರವಾದ ಒಂದನ್ನು ಉಳಿಸಿ, ಮಿಕ್ಕವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿಬಿಡಿ. ಕಿತ್ತರೆ ಉಳಿಸಿಕೊಂಡದ್ದರ ಬೇರೂ ಬರುತ್ತದೆ.

ಸುಳಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಒಂದೇ ಇರಬೇಕು, ಮೆತ್ತಗೆ ತಿಳಿಹಸಿರಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಪುಡಿಯಾದರೆ ಎಷ್ಟು ಕಡಿಮೆ ದರಕ್ಕೆ ಕೊಟ್ಟರೂ ಬೇಡ. ಕೆಳಗಿನ ಅಂತಸ್ತು ಪೂರ್ತಿ ಇದೆಯೇ ಎಣಿಸಿ, ಏಕೆಂದರೆ ಇವತ್ತು ಇಲ್ಲದ್ದು ನಾಳೆಯೂ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಮಿಂಚಿನ ಪುಡಿ, ಹಸಿರು ಬಣ್ಣ ಸಿಂಪಡಿಸಿದ ಗಿಡಗಳೂ ಬರುತ್ತವೆ; ಆ ಲೇಪ ಬೆಳಕನ್ನು ತಡೆಯುತ್ತದೆ, ಕೆಳಗಿನ ಹಳದಿಯನ್ನು ಮುಚ್ಚುತ್ತದೆ. ಕೊನೆಯದಾಗಿ ಕುಂಡದ ತೂತಿನಲ್ಲಿ ಇಣುಕಿ ನೋಡಿ. ದಪ್ಪ ಬೇರು ಹೊರಬಂದು ನೆಲಕ್ಕಿಳಿದಿದ್ದರೆ ಎತ್ತುವಾಗ ಅದು ಕಡಿಯುತ್ತದೆ, ಗಿಡ ಸೊರಗುತ್ತದೆ. ನಾಲ್ಕಡಿಯ ದೊಡ್ಡ ಗಿಡಕ್ಕಿಂತ ಒಂದೂವರೆ ಅಡಿಯ ಒಂಟಿ ಸಸಿ ಮೇಲು. ದರವೂ ಕಡಿಮೆ, ನಾಲ್ಕೈದು ವರ್ಷದಲ್ಲಿ ದೊಡ್ಡದನ್ನು ಹಿಂದಿಕ್ಕುತ್ತದೆ.

ನೆಲವೋ, ಕುಂಡವೋ

ಇದನ್ನು ಖಡಾಖಂಡಿತವಾಗಿ ಹೇಳಬೇಕು: ಮೂವತ್ತು-ನಲವತ್ತರ ಸೈಟಿನಲ್ಲಿ ಅರಾಕೇರಿಯಾವನ್ನು ನೆಲಕ್ಕೆ ನೆಡಬೇಡಿ. ತವರಿನಲ್ಲಿ ಇದು 50 ಮೀಟರ್ ದಾಟುವ ಮರ. ನಮ್ಮ ತೋಟಗಳಲ್ಲಿ ಅಷ್ಟಾಗದಿದ್ದರೂ ಆರೇಳು ಅಂತಸ್ತಿನ ಕಟ್ಟಡದ ಎತ್ತರ ಮುಟ್ಟುವುದು ದೊಡ್ಡ ಮಾತಲ್ಲ. ಬೇರು ಹಿಡಿದ ಮೇಲೆ ವರ್ಷಕ್ಕೆ ಎರಡು ಮೂರು ಅಡಿ ಏರುತ್ತದೆ. ಬೇರೆ ಮರವಾದರೆ ತಲೆ ಕತ್ತರಿಸಿ ಹದ್ದಿನಲ್ಲಿ ಇಡಬಹುದು. ಇದರ ತಲೆ ಕತ್ತರಿಸಿದರೆ ಕತ್ತರಿಸಿದ ಜಾಗದ ಕೆಳಗಿನಿಂದ ನಾಲ್ಕೈದು ಸುಳಿ ಒಟ್ಟಿಗೆ ಎದ್ದು ಪೊರಕೆ ತಲೆಕೆಳಗು ಮಾಡಿದಂತಾಗುತ್ತದೆ. ಆ ಸುಳಿಗಳು ಕಾಂಡಕ್ಕೆ ಗಟ್ಟಿಯಾಗಿ ಬೆಸೆದಿರುವುದಿಲ್ಲ, ನಡುವೆ ತೊಗಟೆ ಸಿಕ್ಕಿಕೊಂಡಿರುತ್ತದೆ, ಮುಂಗಾರಿನ ಗಾಳಿಗೆ ಸೀಳಿ ಬೀಳುತ್ತವೆ. ಬುಡಸಮೇತ ತೆಗೆಸೋಣವೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಕೇಳಬೇಕಾಗಬಹುದು. ಗೋಡೆಯಿಂದ, ಸಂಪಿನಿಂದ, ಚರಂಡಿಯಿಂದ ಕನಿಷ್ಠ 25 ಅಡಿ ದೂರ, ಮೇಲೆ ವಿದ್ಯುತ್ ತಂತಿ ಇಲ್ಲದ ಜಾಗ ಇದ್ದರೆ ಮಾತ್ರ ನೆಲ. ತೋಟದ ಮನೆ, ಎಸ್ಟೇಟಿನ ಬಂಗಲೆ, ಶಾಲೆಯ ಮೈದಾನದ ಅಂಚು, ಇವು ಇದರ ಜಾಗಗಳು.

ನೆಲಕ್ಕೆ ನೆಡುವವರಿಗೆ ಮೊದಲ ಮಳೆ ಬಿದ್ದ ಜೂನ್ ತಿಂಗಳು ಒಳ್ಳೆಯದು. ಎರಡಡಿ ಆಳದ ಗುಂಡಿ ತೋಡಿ ಗೊಬ್ಬರ ತುಂಬುವುದು ನಮ್ಮ ವಾಡಿಕೆ. ಇಲ್ಲಿ ಅದೇ ತೊಂದರೆ ತರುತ್ತದೆ. ಗೊಬ್ಬರ ಕೊಳೆತಂತೆ ಕುಗ್ಗುತ್ತದೆ, ಅದರ ಮೇಲಿನ ಗಿಡ ಇಳಿಯುತ್ತದೆ, ಬುಡ ಹೂತುಹೋಗಿ ಅಲ್ಲಿ ನೀರು ನಿಲ್ಲುತ್ತದೆ. ಗುಂಡಿ ಅಗಲವಾಗಿರಲಿ, ಆಳವಾಗಿ ಬೇಡ: ಮೂರಡಿ ಅಗಲ, ಬೇರಿನ ಗಡ್ಡೆಯಷ್ಟೇ ಆಳ. ಗಡ್ಡೆಯ ಕೆಳಗೆ ಅಗೆಯದ ಗಟ್ಟಿ ನೆಲವೇ ಇರಬೇಕು. ತೆಗೆದ ಮಣ್ಣನ್ನೇ ಮರಳಿ ಹಾಕಿ, ಅದಕ್ಕೆ ನಾಲ್ಕರಲ್ಲೊಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ ಬೆರೆಸಿದರೆ ಸಾಕು. ಕವರಿನಲ್ಲಿ ಸುತ್ತಿಕೊಂಡಿದ್ದ ಬೇರುಗಳನ್ನು ಕತ್ತರಿಸಿ ಹೊರಮುಖ ಮಾಡಿ. ಬಿಟ್ಟರೆ ಹತ್ತು ವರ್ಷದ ಮೇಲೆ ಅದೇ ಬೇರು ದಪ್ಪವಾಗಿ ಕಾಂಡದ ಕುತ್ತಿಗೆ ಹಿಸುಕುತ್ತದೆ. ಕಾಂಡ ಬೇರಿಗೆ ಸೇರುವ ಉಬ್ಬು ನೆಲದಿಂದ ಎರಡಿಂಚು ಮೇಲಿರಲಿ. ಬುಡಕ್ಕೆ ಮಣ್ಣು ಏರಿಸುವ ನಮ್ಮ ಚಪಲವನ್ನು ಸ್ವಲ್ಪ ತಡೆದುಕೊಳ್ಳಬೇಕು.

ಎರಡು ಕಡೆ ಗೂಟ ಹೊಡೆದು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಗಾಳಿಗೆ ಸ್ವಲ್ಪ ಅಲ್ಲಾಡಿದರೇ ಕಾಂಡ ಗಟ್ಟಿಯಾಗುವುದು. ವರ್ಷ ತುಂಬಿದ ಮೇಲೆ ಗೂಟ ತೆಗೆಯಿರಿ. ಮರೆತ ಪ್ಲಾಸ್ಟಿಕ್ ದಾರ ತೊಗಟೆಯೊಳಗೆ ಹೂತುಹೋಗುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಮೊದಲ ತಿಂಗಳು ಮೂರು ದಿನಕ್ಕೊಮ್ಮೆ 10 ಲೀಟರ್, ಆಮೇಲೆ ವಾರಕ್ಕೆ 20 ಲೀಟರ್, ಎರಡನೇ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ 40 ಲೀಟರ್. ಪಾತಿಯನ್ನು ರೆಂಬೆಯ ತುದಿಗೆ ನೇರ ಕೆಳಗೆ ಮಾಡಿ, ಬುಡದಲ್ಲಲ್ಲ. ಮೂರಿಂಚು ಒಣಎಲೆ ಹೊದಿಸಿ, ಕಾಂಡದ ಸುತ್ತ ಒಂದು ಗೇಣು ಬಿಟ್ಟು. ಮೂರನೇ ವರ್ಷದಿಂದ ಕಡುಬೇಸಿಗೆ ಬಿಟ್ಟರೆ ನೀರಿನ ಚಿಂತೆಯಿಲ್ಲ.

ಎರೆಮಣ್ಣಿನ ಸೀಮೆಯವರು ಕೇಳುತ್ತಾರೆ, ನಮ್ಮಲ್ಲಿ ಬರುತ್ತದೆಯೇ ಎಂದು. ನೆಲಕ್ಕೆ ನೆಟ್ಟರೆ ಬರುವುದು ಕಷ್ಟ. ಮಳೆಗಾಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟುತ್ತದೆ, ಬೇಸಿಗೆಯಲ್ಲಿ ಮಣ್ಣು ಬಿರಿದು ಬೇರು ಹರಿಯುತ್ತದೆ, ಮೇಲಿಂದ ನಲವತ್ತು ಡಿಗ್ರಿಯ ಒಣ ಗಾಳಿ. ಕುಂಡದಲ್ಲಿ, ಮಧ್ಯಾಹ್ನದ ನೆರಳಿನಲ್ಲಿ ಬೆಳೆಸಿ. ಕರಾವಳಿಯವರಿಗೆ ಆ ಕಷ್ಟವಿಲ್ಲ. ಕಡಲ ಉಪ್ಪಿನ ಗಾಳಿ ಇದಕ್ಕೆ ಹುಟ್ಟಿನಿಂದಲೇ ರೂಢಿ, ಬುಡದಲ್ಲಿ ಮಳೆನೀರು ನಿಲ್ಲದಂತೆ ಒಂದಡಿ ದಿಬ್ಬ ಮಾಡಿ ನೆಟ್ಟರೆ ಸಾಕು.

ಕುಂಡದ ಮಿಶ್ರಣ: ಕೆಮ್ಮಣ್ಣು ಎರಡು ಬಾಂಡಲಿ, ದಪ್ಪ ಮರಳು ಎರಡು, ತೊಳೆದ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಒಂದು, ಜರಡಿ ಹಿಡಿದ ಎರೆಗೊಬ್ಬರ ಒಂದು. ಮರಳಿನ ಬದಲು ಎಂ ಸ್ಯಾಂಡ್ ಬಳಸುವುದಾದರೆ ನೀರು ತಿಳಿಯಾಗುವವರೆಗೆ ತೊಳೆಯಿರಿ. ಅದರಲ್ಲಿರುವ ಕಲ್ಲುಪುಡಿ ಕೆಳಗಿಳಿದು ತಳದಲ್ಲಿ ಗಾರೆಯಂತೆ ಕೂರುತ್ತದೆ. ಕೊಕೊಪಿಟ್ಟಿನಲ್ಲಿ ಉಪ್ಪಿರುತ್ತದೆ, ಎರಡು ಸಲ ನೆನೆಸಿ ಹಿಂಡಬೇಕು. ಹೊಸ ಮನೆಯ ಅಂಗಳದ ಮಣ್ಣು ಮಾತ್ರ ಬೇಡ. ಅದರಲ್ಲಿ ಸಿಮೆಂಟು, ಸುಣ್ಣದ ಚೂರು ಸೇರಿ ಮಣ್ಣು ಕ್ಷಾರವಾಗಿರುತ್ತದೆ. ಇದಕ್ಕೆ ಬೇಕಾದದ್ದು ಸ್ವಲ್ಪ ಹುಳಿ ಮಣ್ಣು, ಪಿಎಚ್ 5.5ರಿಂದ 6.5. ಕುಂಡ ಬದಲಿಸುವುದು ಎರಡು ಮೂರು ವರ್ಷಕ್ಕೊಮ್ಮೆ, ಪ್ರತಿಸಲ ಎರಡಿಂಚು ಮಾತ್ರ ದೊಡ್ಡದು. ಎಂಟಿಂಚಿನಿಂದ ಒಮ್ಮೆಲೇ ಹದಿನೆಂಟು ಇಂಚಿಗೆ ಹಾರಿಸಿದರೆ ಬೇರು ತಲುಪದ ಮಣ್ಣೆಲ್ಲ ಹಸಿಯಾಗಿಯೇ ಉಳಿದು ಹುಳಿತು, ಕೊಳೆ ರೋಗಕ್ಕೆ ಮನೆಯಾಗುತ್ತದೆ. ಕುಂಡದಲ್ಲಿ ವರ್ಷಕ್ಕೆ ಅರ್ಧ ಅಡಿಯಿಂದ ಒಂದು ಅಡಿ ಬೆಳೆದರೆ ಅದು ಆರೋಗ್ಯದ ಲಕ್ಷಣ. ಹೆಚ್ಚು ಗೊಬ್ಬರ ಹಾಕಿ ಓಡಿಸಿದರೆ ಅಂತಸ್ತುಗಳ ನಡುವೆ ಅಂತರ ಹೆಚ್ಚಾಗಿ ಗಿಡ ಏಣಿಯಂತೆ ಕಾಣುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ 19:19:19 ಗೊಬ್ಬರ, ಲೀಟರಿಗೆ 2 ಗ್ರಾಂ, ಅಷ್ಟೇ.

ಕಂದು ಎಲ್ಲಿಂದ ಶುರುವಾಯಿತು?

'ಗಿಡ ಒಣಗುತ್ತಿದೆ, ಏನು ಹಾಕಲಿ' ಎನ್ನುವ ಪ್ರಶ್ನೆಗೆ ಉತ್ತರವಿಲ್ಲ. ಎಲ್ಲಿಂದ ಒಣಗುತ್ತಿದೆ ಎನ್ನುವುದಕ್ಕೆ ಉತ್ತರವಿದೆ.

ಅತಿ ಕೆಳಗಿನ ಅಂತಸ್ತು ಮಾತ್ರ, ವರ್ಷಕ್ಕೆ ಒಂದೆರಡು ರೆಂಬೆ ಹಳದಿಯಾಗಿ ಕಂದಾಗುತ್ತಿದ್ದರೆ ಅದು ವಯಸ್ಸು. ತಿಂಗಳಿಗೊಂದರಂತೆ ಕೆಳಗಿನಿಂದ ಮೇಲಕ್ಕೆ ಏರುತ್ತಿದ್ದರೆ ಬೆಳಕು ಸಾಲದು, ಅಥವಾ ಗಿಡ ಒಂದೆರಡು ಸಲ ಪೂರ್ತಿ ಒಣಗಿ ನೀರು ಕಂಡಿದೆ. ರೆಂಬೆಯ ತುದಿಯಿಂದ ಒಳಕ್ಕೆ ಕಂದು ಬಂದರೆ ಒಣಗಾಳಿ ಅಥವಾ ಉಪ್ಪು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಕುಂಡದ ಅಳತೆಯ ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ ಹಾಯಿಸಿ ತೊಳೆಯಬೇಕು. ಒಂದೇ ಮಗ್ಗುಲು ಕಂದಾದರೆ ಆ ಕಡೆ ಬಿಸಿಲು ಕಾಯುವ ಗೋಡೆಯೋ, ಎಸಿಯ ಗಾಳಿಯೋ ಇರುತ್ತದೆ.

ಇಡೀ ಗಿಡ ಕಳೆಗುಂದಿ, ಮಣ್ಣು ಹಸಿಯಿದ್ದರೂ ರೆಂಬೆಗಳು ಜೋಲುಬಿದ್ದರೆ ಅಪಾಯ. ಕುಂಡ ಮೊಗಚಿ ಗಡ್ಡೆ ತೆಗೆಯಿರಿ. ಒಂದು ಸಣ್ಣ ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆಯಿರಿ. ಹೊರಸಿಪ್ಪೆ ಕಾಲುಚೀಲದಂತೆ ಕಳಚಿ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಬೇರುಕೊಳೆ. ಒಳ್ಳೆಯ ಬೇರು ಹಾಗೆ ಸುಲಿಯುವುದಿಲ್ಲ. ಕೊಳೆತದ್ದನ್ನು ಕತ್ತರಿಸಿ, ಹೊಸ ಒಣ ಮಿಶ್ರಣದಲ್ಲಿ ಮೊದಲಿನಷ್ಟೇ ಅಥವಾ ಚಿಕ್ಕ ಕುಂಡಕ್ಕೆ ಹಾಕಿ, ತಾಮ್ರದ ಶಿಲೀಂಧ್ರನಾಶಕವನ್ನು ಲೀಟರಿಗೆ 3 ಗ್ರಾಂನಂತೆ ಒಮ್ಮೆ ಸುರಿದು ನೆರಳಿನಲ್ಲಿಡಿ. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಗಿಡದ ಆಸೆ ಬಿಡಿ. ಈ ಸ್ಥಿತಿ ತಪ್ಪಿಸುವ ದಾರಿ ಒಂದೇ: ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ನೀರು, ತಣ್ಣಗಿದ್ದರೆ ನಾಳೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ.

ಹಳೆಯ ಎಲೆ ಹಸಿರಿದ್ದು ಹೊಸ ಚಿಗುರು ಮಾತ್ರ ಬೆಣ್ಣೆಬಣ್ಣಕ್ಕೆ ತಿರುಗಿದರೆ ಕಬ್ಬಿಣದ ಕೊರತೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇದು ಮಾಮೂಲು. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಗಡಸು ನೀರು ಮಣ್ಣನ್ನು ಕ್ಷಾರ ಮಾಡಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಬೇರಿಗೆ ಎಟಕುವುದಿಲ್ಲ. ಅಂಥ ಮಣ್ಣಿಗೆ ಫೆರಸ್ ಸಲ್ಫೇಟ್ ಸುರಿದರೆ ಅದೂ ತುಕ್ಕಾಗಿ ಕೂರುತ್ತದೆ. ಅಂಗಡಿಯಲ್ಲಿ ಇಡಿಟಿಎ, ಇಡಿಡಿಎಚ್‌ಎ ಎಂಬ ಎರಡು ಬಗೆಯ ಚೀಲೇಟ್ ಕಬ್ಬಿಣ, ಅಂದರೆ ಮಣ್ಣು ಕಟ್ಟಿಹಾಕದಂತೆ ಕವಚ ತೊಡಿಸಿದ ಕಬ್ಬಿಣ, ಸಿಗುತ್ತದೆ. ಮೊದಲನೆಯದು ಅಗ್ಗ, ಆದರೆ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಎರಡನೆಯದನ್ನೇ ಕೇಳಿ, ಲೀಟರಿಗೆ 1 ಗ್ರಾಂ ಕರಗಿಸಿ ಬುಡಕ್ಕೆ ಹಾಕಿ. ನೀರು ರಕ್ತದಂತೆ ಕೆಂಪಾಗುತ್ತದೆ, ಟೈಲ್ಸ್ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಎಲೆಯಲ್ಲಿ ಬದಲಾವಣೆ ಕಾಣಲು ಮೂರ್ನಾಲ್ಕು ವಾರ ಬೇಕು. ತಾರಸಿಯ ಮಳೆನೀರು ಒಂದು ಡ್ರಮ್ ಹಿಡಿದಿಟ್ಟುಕೊಂಡರೆ ಈ ಖರ್ಚೇ ಇಲ್ಲ.

ಕೀಟಗಳು, ಮತ್ತು ಸಾಬೂನಿನ ವಿಷಯ

ಫೆಬ್ರುವರಿಯಿಂದ ಮೇವರೆಗೆ ನುಸಿ, ಅಂದರೆ ಎಲೆಯ ರಸ ಹೀರುವ ಚುಕ್ಕೆಯಷ್ಟು ಸಣ್ಣ ಜೀವಿಯ ಕಾಟ. ಗಿಡ ಧೂಳು ಹಿಡಿದಂತೆ ಮಂಕಾಗಿದ್ದರೆ ರೆಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಬಿದ್ದ ಚುಕ್ಕೆಗಳಲ್ಲಿ ಕೆಲವು ನಡೆದಾಡಿದರೆ ನುಸಿಯೇ. ಇಲ್ಲಿ ಬಹಳ ಜನ ಕೈಗೆ ಸಿಕ್ಕ ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡೆಯುತ್ತಾರೆ. ಅದು ನುಸಿಗೆ ನಾಟುವುದಿಲ್ಲ, ಬಳಸಿದ ಮೇಲೆ ನುಸಿ ಹೆಚ್ಚುವುದೂ ಉಂಟು. ಮೂರು ದಿನಕ್ಕೊಮ್ಮೆ, ನಾಲ್ಕು ಸಲ, ರೆಂಬೆಯ ಅಡಿಭಾಗಕ್ಕೆ ಪೈಪಿನಿಂದ ನೀರು ರಭಸವಾಗಿ ಹಾಯಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಉಳಿದರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು. ಬೇವಿನೆಣ್ಣೆ ಹೊಡೆದು ಮೂರು ವಾರವಾಗದೆ ಗಂಧಕ ಮುಟ್ಟಬೇಡಿ, ಎರಡೂ ಸೇರಿದರೆ ಎಲೆ ಸುಡುತ್ತದೆ.

ರೆಂಬೆಯ ಸಂದಿನಲ್ಲಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಸಣ್ಣ ಗಿಡವಾದರೆ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಾಗಿ ಒರೆಸುವುದೇ ಸರಿ. ಇರುವೆ ಸಾಲು ಇದ್ದರೆ ಮೊದಲು ಅದನ್ನು ತಡೆಯಿರಿ, ತಿಗಣೆಯನ್ನು ಹೊತ್ತು ತರುವುದೇ ಅದು.

ಇನ್ನು ಎಲ್ಲದಕ್ಕೂ ಸಾಬೂನು ನೀರು ಹೊಡೆಯುವ ಅಭ್ಯಾಸ. ಸಿಡ್ನಿಯ ಮ್ಯಾನ್ಲಿಯಂಥ ಕಡಲತೀರಗಳಲ್ಲಿ ಸಾಲುಸಾಲಾಗಿ ನಿಂತಿದ್ದ ನಾರ್ಫೋಕ್ ಮರಗಳು 1960-70ರ ದಶಕಗಳಲ್ಲಿ ಸೊರಗತೊಡಗಿದವು. ಕಡಲ ಗಾಳಿ ಹೊಸದಲ್ಲ, ಉಪ್ಪೂ ಹೊಸದಲ್ಲ. ಹೊಸದಾಗಿ ಬಂದದ್ದು ಊರಿನ ಕೊಳಚೆಯೊಡನೆ ಕಡಲು ಸೇರುತ್ತಿದ್ದ ಡಿಟರ್ಜೆಂಟು. ಈ ಮರದ ಎಲೆಗೆ ಮೇಣದ ಲೇಪವಿದೆ, ಉಪ್ಪುನೀರಿನ ಹನಿ ಕೆಸುವಿನೆಲೆಯ ಮೇಲಿನಂತೆ ಉರುಳಿ ಹೋಗುತ್ತದೆ. ಡಿಟರ್ಜೆಂಟು ಸೇರಿದ ಹನಿ ಉರುಳದೆ ಹರಡಿ, ಎಲೆಯ ಉಸಿರುರಂಧ್ರದೊಳಗೆ ಇಳಿದು, ಉಪ್ಪನ್ನೂ ಒಳಗೆ ಕೊಂಡೊಯ್ಯುತ್ತದೆ. ಬೋರ್‌ವೆಲ್ ನೀರಿಗೆ ಪಾತ್ರೆ ತೊಳೆಯುವ ದ್ರವ ಬೆರೆಸಿ ವಾರವಾರ ಸಿಂಪಡಿಸುವುದು ಅದೇ ಪ್ರಯೋಗದ ಚಿಕ್ಕ ರೂಪ. ಬೇವಿನೆಣ್ಣೆ ಹೊಡೆಯಲೇಬೇಕಾದರೆ ಲೀಟರಿಗೆ 3ರಿಂದ 5 ಮಿಲಿ, ಬೆರೆಯಲು 1 ಮಿಲಿ ಮೆದು ಸಾಬೂನು. ಒಂದು ರೆಂಬೆಗೆ ಹೊಡೆದು ನಾಲ್ಕು ದಿನ ಕಾದು ನೋಡಿ, ಆಮೇಲೆ ಗಿಡಕ್ಕೆಲ್ಲ. ಮರುದಿನ ಬೆಳಿಗ್ಗೆ ಬರಿ ನೀರಿನಿಂದ ತೊಳೆಯಿರಿ. ವಾಷಿಂಗ್ ಮೆಷಿನ್ ನೀರನ್ನು ಇದರ ಬುಡಕ್ಕೆ ತಿರುಗಿಸಬೇಡಿ.

ಸಭೆಯ ಪ್ರಶ್ನೆಗಳು

ಮಂಗ ಜಿಗಿದು ಸುಳಿ ಮುರಿದರೆ ಏನು ಮಾಡಬೇಕು? ಮುರಿದ ಜಾಗವನ್ನು ಓರೆಯಾಗಿ, ಒಂದೇ ಏಟಿಗೆ ನುಣುಪಾಗಿ ಕತ್ತರಿಸಿ. ಕೆಲವು ತಿಂಗಳಲ್ಲಿ ಅದರ ಕೆಳಗಿನ ಕಾಂಡದಿಂದ ನೆಟ್ಟಗಿನ ಚಿಗುರುಗಳು ಏಳುತ್ತವೆ. ಅರ್ಧ ಅಡಿಯಾಗುವವರೆಗೆ ಕಾಯಿರಿ, ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಉಳಿಸಿದ್ದನ್ನು ಬಿದಿರು ಕಡ್ಡಿಗೆ ಕಟ್ಟಿ ನೇರ ಮಾಡಿ. ಕಾಂಡದಲ್ಲಿ ಸಣ್ಣ ಸೊಟ್ಟು ಉಳಿಯುತ್ತದೆ. ಅಡ್ಡರೆಂಬೆಯನ್ನು ಎತ್ತಿ ಕಟ್ಟಿ ಸುಳಿ ಮಾಡಲು ಹೋಗಬೇಡಿ, ಏಕೆಂಬುದು ಪೊದೆ ಮೆಣಸಿನ ಮಾತಿನಲ್ಲೇ ಬಂತು.

ದೊಡ್ಡ ಮರ ವಾಲಿದೆ, ಬೀಳುತ್ತದೆಯೇ? ವರ್ಷಗಳಿಂದ ನಿಧಾನವಾಗಿ ದಕ್ಷಿಣಕ್ಕೆ ಬಾಗಿದ್ದು, ಬುಡದ ಮಣ್ಣು ಗಟ್ಟಿಯಿದ್ದರೆ ಅದು ಕುಕ್ ಪೈನ್‌ನ ಜಾಯಮಾನ. ಒಂದೇ ಮಳೆಗಾಲದಲ್ಲಿ ವಾಲಿ, ವಾಲಿದ್ದರ ಎದುರು ಬದಿಯಲ್ಲಿ ನೆಲ ಬಿರುಕು ಬಿಟ್ಟಿದ್ದರೆ ಅಥವಾ ಬೇರಿನ ಹತ್ತಿರ ಈಚೆಗೆ ಚರಂಡಿ ತೋಡಿದ್ದರೆ ಅದರ ಕೆಳಗೆ ವಾಹನ ನಿಲ್ಲಿಸುವುದನ್ನು ಇವತ್ತೇ ನಿಲ್ಲಿಸಿ, ತಿಳಿದವರನ್ನು ಕರೆಸಿ.

ಉದುರಿದ ಕಡ್ಡಿ ಗೊಬ್ಬರವಾಗುತ್ತದೆಯೇ? ಆಗುತ್ತದೆ, ಆದರೆ ಬಹಳ ನಿಧಾನ. ಹೊದಿಕೆಯಾಗಿ ಹಾಕುವುದು ವಾಸಿ. ತಾರಸಿಯ ಮಳೆನೀರಿನ ಕೊಳವೆಗೆ ಜಾಲರಿ ಇಲ್ಲದಿದ್ದರೆ ಮಾತ್ರ ಕಷ್ಟ. ಹಗ್ಗದಂಥ ಈ ಕಡ್ಡಿಗಳು ತಿರುವಿನಲ್ಲಿ ಸಿಕ್ಕಿ ಗೂಡು ಕಟ್ಟಿದಂತೆ ಕೂರುತ್ತವೆ.

ಹಬ್ಬಕ್ಕೆ ಮನೆಯೊಳಗೆ ಇಡಬಹುದೇ? ಇಡಬಹುದು. ಪೂರ್ವದ ಕಿಟಕಿಯ ಬಳಿ, ಫ್ಯಾನಿನ ಕೆಳಗಲ್ಲದ ಜಾಗ, ಹತ್ತು ಹದಿನೈದು ದಿನ. ಎಲ್‌ಇಡಿ ಸರ ಸಾಕು, ಬಿಸಿಯಾಗುವ ಹಳೆಯ ಬಲ್ಬು ಬೇಡ. ರೆಂಬೆಯ ತುದಿಗೆ ಭಾರದ ಗೋಲಿ ನೇತುಹಾಕಿದರೆ ಬಾಗಿದ ರೆಂಬೆ ಮತ್ತೆ ಏಳುವುದಿಲ್ಲ, ಕಾಗದದ ನಕ್ಷತ್ರ ಹಾಕಿ. ಸುಳಿಗೆ ಏನನ್ನೂ ಸಿಕ್ಕಿಸಬೇಡಿ. ಜನವರಿ ಮೊದಲ ವಾರ ಹೊರಗೆ ತಂದವರು ನೇರ ಬಿಸಿಲಿಗಿಟ್ಟು ಎಲೆ ಸುಟ್ಟುಕೊಳ್ಳುತ್ತಾರೆ. ಮೊದಲ ವಾರ ಪೋರ್ಟಿಕೋದ ನೆರಳು, ಎರಡನೇ ವಾರ ಬೆಳಗಿನ ಬಿಸಿಲು, ಆಮೇಲೆ ಹಳೆಯ ಜಾಗ. ಆವತ್ತಿನಿಂದ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಒಂದೇ ಕಡೆಗೆ. ಕೈಗೆ ಅಂಟು ಮೆತ್ತಿಕೊಂಡರೆ ಸಾಬೂನಿಗೆ ಬಿಡುವುದಿಲ್ಲ, ಮೊದಲು ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ.